ಚಿಕ್ಕಪ್ಪನ ಗಂಟಲು, ರಕ್ತದ ಲೆಕ್ಕ

ನಮ್ಮ ಚಿಕ್ಕಪ್ಪ ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರು. ಬೆಳಿಗ್ಗೆ ಕೂಲಿಯವರ ಲೈನ್ ಮನೆಗಳ ಮುಂದೆ ಹಾಜರಿ ಕೂಗಬೇಕು. ಇಳಿಜಾರಿನ ಆ ತುದಿಯಲ್ಲಿ ಕುಯ್ಯುವವರಿಗೆ ಈ ತುದಿಯಿಂದ ಹೇಳಬೇಕು. ಸಂಜೆ ತೂಕದ ಹೊತ್ತಿಗೆ ಜಗಳ ಬಿಡಿಸಬೇಕು. ಅಂಥವರ ಗಂಟಲು ಪುತ್ತರಿ ಕಳೆಯುತ್ತಿದ್ದಂತೆ ಕಟ್ಟಿತು. ರೊಬಸ್ಟಾ ಕುಯ್ಲು ಅರ್ಧ ಮುಗಿದರೂ ಬಿಡಲಿಲ್ಲ.

ಮಂಜಿಗೆ ಹಿಡಿದಿದೆ ಅಂದರು ಎಲ್ಲರೂ. ಕರಿಮೆಣಸಿನ ಕಷಾಯ ಆಯಿತು, ಜೇನು ಆಯಿತು. ನೋವಿಲ್ಲ, ಊಟ ಸಲೀಸಾಗಿ ಇಳಿಯುತ್ತದೆ, ಆದ್ದರಿಂದ ಏನೂ ಇಲ್ಲ ಅನ್ನುವುದು ಅವರ ವಾದ. ಜೊತೆಗೆ ಇಪ್ಪತ್ತನೇ ವಯಸ್ಸಿನಿಂದ ಸಿಗರೇಟು. ಸ್ವರ ಮೂರ್ನಾಲ್ಕು ವಾರಕ್ಕಿಂತ ಜಾಸ್ತಿ ಕಟ್ಟಿದ್ದರೆ ಒಳಗೆ ನೋಡಿಸಲೇಬೇಕು ಅಂತ ಚಿಕ್ಕಮ್ಮ ಎಲ್ಲೋ ಓದಿದ್ದರು. ಗದರಿ ಹೊರಡಿಸಿದ್ದು ಅವರೇ. ಕಾರು ಓಡಿಸಿದ್ದು ನಾನು.

ಮಡಿಕೇರಿಯ ಇಎನ್‌ಟಿ ಡಾಕ್ಟರು ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿದರು. ಪರದೆಯ ಮೇಲೆ ಎರಡು ಸ್ವರತಂತುಗಳು ಕಂಡವು. ಬಲಗಡೆಯದು ನುಣ್ಣಗಿತ್ತು. ಎಡಗಡೆಯದರ ಮೇಲೆ ಕೆಲವೇ ಮಿಲಿಮೀಟರಿನ ಒಂದು ಬಿಳಿ ಮಚ್ಚೆ. ಅದಕ್ಕೆ ಲ್ಯೂಕೋಪ್ಲೇಕಿಯಾ ಅಂತಾರೆ. ಅದು ಸುಮ್ನೆ ದಪ್ಪಗಟ್ಟಿದ ಪೊರೆ ಇರಬಹುದು, ಕ್ಯಾನ್ಸರಿಗೆ ಮುಂಚಿನ ಹಂತ ಇರಬಹುದು, ಆಗಲೇ ಶುರುವಾದ ಕ್ಯಾನ್ಸರೂ ಇರಬಹುದು. ಮೇಲಿನಿಂದ ನೋಡಿ ಮೂರನ್ನೂ ಖಚಿತವಾಗಿ ಬೇರೆ ಮಾಡಲು ಆಗುವುದಿಲ್ಲ. ಅರಿವಳಿಕೆ ಕೊಟ್ಟು, ಮಚ್ಚೆ ತೆಗೆದು ಬಯಾಪ್ಸಿಗೆ, ಅಂದರೆ ಲ್ಯಾಬಿನಲ್ಲಿ ಅದರ ಕೋಶಗಳನ್ನು ನೋಡುವುದಕ್ಕೆ, ಕಳಿಸಬೇಕು ಅಂದರು. ಅದಕ್ಕೆ ಮುಂಚೆ ರಕ್ತ ಪರೀಕ್ಷೆ.

‘ರಕ್ತ’ ಅಂದ ಕೂಡಲೇ ಚಿಕ್ಕಪ್ಪನ ಮುಖ ಅರಳಿತು. ‘ಹಂಗಾದ್ರೆ ರಕ್ತದಲ್ಲೇ ಗೊತ್ತಾಗತ್ತಲ್ಲ ಸಾರ್, ಕೊಯ್ಯೋದು ಯಾಕೆ?’

ಬೆಂಗಳೂರಿನಲ್ಲಿರುವ ಅವರ ಮಗಳೂ ಅಷ್ಟರಲ್ಲಿ ಫೋನಿನಲ್ಲಿ ಒಂದು ಲ್ಯಾಬಿನ ಕ್ಯಾನ್ಸರ್ ಪ್ಯಾಕೇಜಿನ ಪಟ್ಟಿ ಕಳಿಸಿದ್ದಳು. ಎಸ್‌ಸಿಸಿ ಆಂಟಿಜೆನ್, ಸೈಫ್ರಾ, ಇನ್ನೂ ಏನೇನೋ. ಗಡ್ಡೆಯಿಂದ ರಕ್ತಕ್ಕೆ ಸೇರುವ ಪ್ರೋಟೀನುಗಳನ್ನು ಅಳೆಯುವ ಪರೀಕ್ಷೆಗಳು. ಡಾಕ್ಟರು ಪಟ್ಟಿಯನ್ನು ತಾಳ್ಮೆಯಿಂದಲೇ ನೋಡಿದರು. ಗಡ್ಡೆ ದೊಡ್ಡದಾದಾಗ ಇವು ರಕ್ತದಲ್ಲಿ ಏರುವುದುಂಟು, ಇಷ್ಟು ಸಣ್ಣ ಮಚ್ಚೆ ಇರುವಾಗ ಬಹಳ ಸಲ ನಾರ್ಮಲ್ ಅಂತಲೇ ಬರುತ್ತವೆ ಅಂದರು. ಎಸ್‌ಸಿಸಿಯಂತೂ ಸೋರಿಯಾಸಿಸ್ ಇದ್ದವರಲ್ಲಿ, ಕಿಡ್ನಿ ತೊಂದರೆ ಇದ್ದವರಲ್ಲೂ ಏರುತ್ತದಂತೆ. ದುಡ್ಡು ಕೊಟ್ಟು ಗಾಬರಿಯನ್ನೋ ಸುಳ್ಳು ಧೈರ್ಯವನ್ನೋ ತಂದುಕೊಂಡ ಹಾಗೆ, ಅಷ್ಟೇ. ಆ ಪ್ಯಾಕೇಜ್ ಅಲ್ಲಿಗೇ ನಿಂತಿತು.

ನಿಲ್ಲದೇ ಇದ್ದದ್ದು ಇನ್ನೊಂದು. ಸಾಮಾನ್ಯ ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆಯ, ರಿಪೋರ್ಟ್ ಬಂದಾಗ ಡಾಕ್ಟರು ಮೂಲೆಯಲ್ಲಿ ಪೆನ್ನಿನಿಂದ ಒಂದು ಭಾಗಾಕಾರ ಮಾಡಿದರು. ನ್ಯೂಟ್ರೋಫಿಲ್ ಶೇಕಡಾ 78, ಲಿಂಫೋಸೈಟ್ ಶೇಕಡಾ 14. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಐದೂವರೆ ದಾಟುತ್ತದೆ. ಆರೋಗ್ಯವಂತರಲ್ಲಿ ಇದು ಸಾಮಾನ್ಯವಾಗಿ ಒಂದರಿಂದ ಮೂರರ ಒಳಗೆ. ಎರಡೂ ಬಿಳಿ ರಕ್ತಕಣಗಳೇ. ಉರಿಯೂತ ಇದ್ದಾಗ ಮೊದಲನೆಯದು ಹೆಚ್ಚುತ್ತದೆ. ಎರಡನೆಯ ಗುಂಪಿನಲ್ಲಿ ಕೆಟ್ಟ ಕೋಶಗಳನ್ನು ಹುಡುಕಿ ಕೊಲ್ಲುವ ಕಣಗಳಿವೆ. ಗಂಟಲಿನಲ್ಲಿ ಸಾದಾ ಗಂಟು ಇರುವವರು, ಕ್ಯಾನ್ಸರ್‌ಪೂರ್ವ ಮಚ್ಚೆ ಇರುವವರು, ಕ್ಯಾನ್ಸರ್ ಇರುವವರು ಅಂತ ಗುಂಪು ಮಾಡಿ ಈ ಅನುಪಾತವನ್ನು ಹೋಲಿಸಿ ನೋಡಿದ್ದಾರೆ. ಕಾಯಿಲೆ ಮುಂದುವರಿದವರ ಗುಂಪಿನಲ್ಲಿ ಸರಾಸರಿ ಏರುವುದು ಕಂಡಿದೆ. ಪ್ಲೇಟ್‌ಲೆಟ್ಟು, ಫೈಬ್ರಿನೋಜೆನ್, ಆಲ್ಬುಮಿನ್ ಅನ್ನುವ ರಕ್ತದ ಪ್ರೋಟೀನುಗಳನ್ನು ಇಟ್ಟುಕೊಂಡೂ ಹೀಗೇ ಲೆಕ್ಕ ಹಾಕುತ್ತಾರೆ. ಹೇಗೂ ಮಾಡಿಸುವ ಪರೀಕ್ಷೆ, ಬೇರೆ ಖರ್ಚಿಲ್ಲ. ಆಸೆ ಹುಟ್ಟುವುದು ಸಹಜ ಅಲ್ವಾ?

ಚಿಕ್ಕಪ್ಪನಿಗೆ ‘ಏರುತ್ತದೆ’ ಅನ್ನುವ ಮಾತಷ್ಟೇ ಕಿವಿಗೆ ಬಿತ್ತು. ಇಳಿದುಹೋದರು. ‘ಮುಗೀತು ಬಿಡಪ್ಪ’ ಅಂದರು ನನಗೆ.

ಆಗ ಡಾಕ್ಟರು ಕೇಳಿದರು, ಈಚೆಗೆ ಬೇರೆ ಯಾವ ಮಾತ್ರೆ ತಗೊಂಡಿದ್ದೀರಿ? ಚಿಕ್ಕಪ್ಪ ಇಲ್ಲ ಅಂದರು. ಚಿಕ್ಕಮ್ಮ ಬ್ಯಾಗು ತೆರೆದು ಒಂದು ಖಾಲಿ ಸ್ಟ್ರಿಪ್ ಮೇಜಿನ ಮೇಲಿಟ್ಟರು. ಉಬ್ಬಸಕ್ಕೆ ಅಂತ ಯಾರೋ ಬರೆದುಕೊಟ್ಟ ಸ್ಟೀರಾಯ್ಡ್. ಹಿಂದಿನ ರಾತ್ರಿಯವರೆಗೂ ನುಂಗಿದ್ದರು. ಸ್ಟೀರಾಯ್ಡ್ ನ್ಯೂಟ್ರೋಫಿಲ್ ಏರಿಸುತ್ತದೆ, ಲಿಂಫೋಸೈಟ್ ಇಳಿಸುತ್ತದೆ. ಅಂದರೆ ಭಾಗಾಕಾರ ಎರಡೂ ಕಡೆಯಿಂದ ಕೆಡುತ್ತದೆ. ಸಿಗರೇಟು ಸೇದುವವರಲ್ಲಿ ಬಿಳಿ ಕಣಗಳು ಹೇಗೂ ಸ್ವಲ್ಪ ಜಾಸ್ತಿ. ಜ್ವರ ಬಂದರೂ, ಹಲ್ಲಿನ ಬುಡ ಕೀವಾದರೂ ಇದೇ ಲೆಕ್ಕ ಏರುತ್ತದೆ.

ಮಾತ್ರೆ ಮುಗಿದು ಎರಡು ವಾರ ಬಿಟ್ಟು ಮತ್ತೆ ರಕ್ತ ಕೊಟ್ಟರು. 62, 28. ಎರಡೂಕಾಲಿಗೆ ಹತ್ತಿರ. ಮನೆಯಲ್ಲಿ ಹಬ್ಬ! ಚಿಕ್ಕಪ್ಪ ಆಪರೇಷನ್ ಬೇಡ ಅಂತ ಪಟ್ಟು ಹಿಡಿದರು. ಕುಯ್ಲಿನ ಮಧ್ಯೆ ರಜೆ ಹಾಕಿದರೆ ಮಾಲೀಕರು ಏನಂದಾರು ಅನ್ನುವ ನೆಪ ಬೇರೆ. ಸ್ವರ ಮಾತ್ರ ಹಾಗೇ ಇತ್ತು. ಅದನ್ನು ಯಾರೂ ಗಮನಿಸಲು ತಯಾರಿರಲಿಲ್ಲ. ಒಬ್ಬರನ್ನು ಬಿಟ್ಟು.

‘ಗಿಡದ ಎಲೆ ಹಳದಿಯಾದ್ರೆ ಗೊಬ್ಬರ ಕಮ್ಮಿನೋ, ಬೋರರ್ ಹೊಕ್ಕಿದ್ಯೋ ಅಂತ ಕಾಂಡ ನೋಡದೆ ಹೇಳ್ತೀರಾ ನೀವು? ಎಲೆ ಹಸಿರಿದೆ ಅಂತ ಬೋರರ್ ಇಲ್ಲ ಅಂತ ಬರ್ಕೊಡ್ತೀರಾ?’ ಅಂದರು ಚಿಕ್ಕಮ್ಮ. ಅರೇಬಿಕಾ ಗಿಡಗಳಲ್ಲಿ ಬಿಳಿ ಕಾಂಡಕೊರಕ ಹುಡುಕಿಸಿಯೇ ತಲೆ ಹಣ್ಣಾದ ಮನುಷ್ಯ. ಉತ್ತರ ಹೇಳಲಿಲ್ಲ.

ಪಿರಿಯಾಪಟ್ಟಣ, ಹುಣಸೂರು ದಾಟಿ ಮೈಸೂರಿನಲ್ಲಿ ಆಪರೇಷನ್ ಆಯಿತು. ಬಾಯಿಯಿಂದಲೇ ಕೊಳವೆ ಇಳಿಸಿ, ಮೈಕ್ರೋಸ್ಕೋಪಿನಲ್ಲಿ ನೋಡುತ್ತಾ ಮಚ್ಚೆಯನ್ನು ಪೂರ್ತಿ ತೆಗೆದರು. ಹೊರಗೆ ಒಂದು ಗೀರೂ ಇಲ್ಲ. ಒಂದು ವಾರ ಮಾತಾಡಬಾರದು, ಪಿಸುಗುಟ್ಟಲೂ ಬಾರದು ಅಂದಿದ್ದರು. ಚಿಕ್ಕಪ್ಪ ಹಳೆಯ ಹಾಜರಿ ಪುಸ್ತಕದ ಹಿಂದೆ ಬರೆದು ಜಗಳವಾಡಿದರು.

ರಿಪೋರ್ಟ್ ಬಂತು: ಹೈ ಗ್ರೇಡ್ ಡಿಸ್‌ಪ್ಲಾಸಿಯಾ. ಅಂದರೆ ಕೋಶಗಳು ತೀರಾ ಕೆಟ್ಟಿವೆ, ಆದರೆ ಇನ್ನೂ ಕ್ಯಾನ್ಸರ್ ಅಲ್ಲ. ರಕ್ತದ ಲೆಕ್ಕ ನಾರ್ಮಲ್, ಮಚ್ಚೆ ಮಾತ್ರ ಕ್ಯಾನ್ಸರಿನ ಹೊಸ್ತಿಲಲ್ಲಿ. ಡಾಕ್ಟರು ಚಿತ್ರ ಬರೆದು ತೋರಿಸಿದರು. ಪೊರೆಯ ಕೆಳಗೆ ಒಂದು ತೆಳ್ಳನೆ ಅಡಿಪದರ ಇರುತ್ತದೆ. ಕೆಟ್ಟ ಕೋಶಗಳು ಅದರ ಮೇಲೇ ಇದ್ದರೆ ಕ್ಯಾನ್ಸರ್‌ಪೂರ್ವ, ಅದನ್ನು ಒಡೆದು ಕೆಳಗಿಳಿದರೆ ಕ್ಯಾನ್ಸರ್. ಇವರದು ಒಡೆದಿರಲಿಲ್ಲ. ಆ ಪದರ ಒಡೆದಿದೆಯೋ ಇಲ್ಲವೋ ಅಂತ ತೋಳಿನ ರಕ್ತ ಹೇಳುವುದು ಹೇಗೆ?

ರಕ್ತ ಪರೀಕ್ಷೆಯನ್ನು ಹೀಗಳೆಯಲು ಇದನ್ನು ಬರೆಯುತ್ತಿಲ್ಲ. ಮೂಗಿನ ಹಿಂದಿನ ಗಂಟಲಿನ ಒಂದು ಕ್ಯಾನ್ಸರಿನಲ್ಲಿ ರಕ್ತವೇ ಸುಳಿವು ಕೊಟ್ಟಿದೆ. ಹಾಂಗ್‌ಕಾಂಗಿನಲ್ಲಿ ಸುಮಾರು 20 ಸಾವಿರ ಗಂಡಸರ ರಕ್ತದಲ್ಲಿ ಇಬಿ (ಎಪ್‌ಸ್ಟೈನ್-ಬಾರ್) ವೈರಸ್ಸಿನ ಡಿಎನ್‌ಎ ಹುಡುಕಿ, ಕಾಯಿಲೆಯನ್ನು ಬೇಗ ಹಿಡಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಅಲ್ಲಿ ಆ ವೈರಸ್ಸಿಗೂ ಕ್ಯಾನ್ಸರಿಗೂ ನೇರ ನಂಟಿದೆ. ಅಲ್ಲೂ ರಕ್ತದ ನಂತರ ಕ್ಯಾಮೆರಾದ ಸ್ಕೋಪ್ ಇಳಿಸಿದರು, ಬಯಾಪ್ಸಿ ಮಾಡಿದರು. ಸಿಗರೇಟಿನಿಂದ ಸ್ವರತಂತುವಿನ ಮೇಲೆ ಏಳುವ ಮಚ್ಚೆಗೆ ಅಂಥ ಗುರುತು ಸದ್ಯಕ್ಕಿಲ್ಲ.

ಈಗ ವರ್ಷವಾಗುತ್ತಾ ಬಂತು. ಎರಡು ಮೂರು ತಿಂಗಳಿಗೊಮ್ಮೆ ಸ್ಕೋಪ್ ಇಳಿಸಿ ನೋಡುತ್ತಾರೆ, ಇಂಥ ಮಚ್ಚೆ ಮತ್ತೆ ಬರುವುದುಂಟು. ಸ್ವರ ಸ್ವಲ್ಪ ಒರಟಾಗಿದೆ, ಕೂಗುವುದಕ್ಕೆ ಸೀಟಿ ಇಟ್ಟುಕೊಂಡಿದ್ದಾರೆ. ಸಿಗರೇಟು ಬಿಟ್ಟಿದ್ದೇನೆ ಅನ್ನುತ್ತಾರೆ. ಚಿಕ್ಕಮ್ಮ ಜೇಬು ನೋಡುವುದನ್ನು ಬಿಟ್ಟಿಲ್ಲ. ಮುಂದಿನ ಸ್ಕೋಪ್ ಸರಿಯಾಗಿ ಸ್ಪ್ರಿಂಕ್ಲರ್ ಹಾಕುವ ವಾರಕ್ಕೆ ಬಿದ್ದಿದೆ. ಮುಂದಕ್ಕೆ ಹಾಕೋಣ ಅಂತ ಚಿಕ್ಕಪ್ಪ ಮೆಲ್ಲಗೆ ಶುರು ಮಾಡಿದ್ದರು. ಒಂದು ಮಾತಿಗೇ ಬಾಯಿ ಮುಚ್ಚಿಸಿದರು ಚಿಕ್ಕಮ್ಮ. ಆ ವಾರ ಪೈಪು ಎಳೆಸುವ ಕೆಲಸ ನನ್ನ ಪಾಲಿಗೆ ಬಂದಿದೆ.