ಅಷ್ಟು ಬಲ ಇದ್ದವನು ಮೊದಲೇ ಯಾಕೆ ಹೊರಟುಬಿಡಲ್ಲ?

ಏಪ್ರಿಲ್‌ನಲ್ಲಿ ಫ್ರಾನ್ಸಿನ ಕಲ್ಲುಹಾದಿಗಳ ಸೈಕಲ್ ರೇಸು ಪ್ಯಾರಿಸ್–ರೂಬೆ ನಡೆಯುವ ಹೊತ್ತಿಗೆ ಬೆಂಗಳೂರಿನ ಸೈಕಲ್ ಗೆಳೆಯರು, ಅದರಲ್ಲೂ ಈಗಷ್ಟೇ ರೇಸ್ ನೋಡಲು ಶುರುಮಾಡಿದವರು, ತಪ್ಪದೆ ಕೇಳುವ ಪ್ರಶ್ನೆ ಇದು: "ಒಂದೇ ದಿನದ ರೇಸು ತಾನೇ? ನಾಳೆಗೆ ಅಂತ ಏನೂ ಉಳಿಸಿಕೊಳ್ಳಬೇಕಿಲ್ಲ. ಎಲ್ಲರಿಗಿಂತ ಗಟ್ಟಿಗ ಶುರುವಿನಲ್ಲೇ ಹೊರಟುಬಿಟ್ಟರೆ ಆಯ್ತಲ್ಲ? ನಾಲ್ಕೈದು ಗಂಟೆ ಗುಂಪಿನೊಳಗೆ ಅಡಗಿ ಕೂರೋದು ಯಾಕೆ?"

ಗಾಳಿಗೆ ಹೆದರಿ. ಸಮತಟ್ಟು ರಸ್ತೆಯಲ್ಲಿ ಸವಾರನ ಶಕ್ತಿಯ ಬಹುಪಾಲು ಹೋಗುವುದೇ ಗಾಳಿ ಸೀಳುವುದಕ್ಕೆ, ಮತ್ತು ಆ ಖರ್ಚು ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 40 ಕಿ.ಮೀ. ಇದ್ದದ್ದನ್ನು 45 ಮಾಡಿದರೆ ವೇಗ ಹೆಚ್ಚಿದ್ದು ಎಂಟರಲ್ಲೊಂದು ಪಾಲು. ಗಾಳಿಗೆ ತೆರುವ ವ್ಯಾಟ್ ಮಾತ್ರ ಶೇ. 42ರಷ್ಟು ಜಾಸ್ತಿ. 2018ರಲ್ಲಿ ಗಾಳಿಯ ತಡೆ ಅಧ್ಯಯನ ಮಾಡುವ ಸಂಶೋಧಕ ಬರ್ಟ್ ಬ್ಲಾಕೆನ್ ಮತ್ತು ಸಂಗಡಿಗರು 121 ಸವಾರರ ಗುಂಪಿನ ಮಾದರಿಯನ್ನು ಪರೀಕ್ಷಿಸಿದಾಗ, ಗುಂಪಿನ ಒಳಗೆ ಹಿಂದಿರುವವನಿಗೆ ತಾಗುವ ಗಾಳಿಯ ತಡೆ ಒಂಟಿ ಸವಾರನಿಗೆ ತಾಗುವುದರ ಶೇ. 5ರಿಂದ 10ರಷ್ಟೇ ಎಂದು ಕಂಡುಬಂತು. ನಿಜವಾದ ರಸ್ತೆಯಲ್ಲಿ ಅಡ್ಡಗಾಳಿ, ತಿರುವು, ಬ್ರೇಕ್ ಹಿಡಿದು ಮತ್ತೆ ಎಳೆಯುವ ಕಾಟ ಎಲ್ಲ ಇರುವುದರಿಂದ ಅಷ್ಟು ಲಾಭ ಸಿಗಲಿಕ್ಕಿಲ್ಲ. ಅದರ ಅರ್ಧ ಸಿಕ್ಕರೂ ಒಂಟಿಯಾಗಿ ಹೊರಟವನ ಕಥೆ ಮುಗಿದ ಹಾಗೆಯೇ.

ನಂಬಿಕೆ ಬಾರದಿದ್ದರೆ ನಂದಿ ಬೆಟ್ಟದ ಕಡೆ ಹೋದಾಗ ಪರೀಕ್ಷಿಸಿ ನೋಡಿ. ಗಂಟೆಗೆ 15 ಕಿ.ಮೀ. ವೇಗದಲ್ಲಿ ಬೆಟ್ಟ ಹತ್ತುವವನಿಂದ ಗಾಳಿ ಕಸಿಯುವುದು ಹತ್ತಿಪ್ಪತ್ತು ವ್ಯಾಟ್. ಯಾರ ಹಿಂದೆ ಹೋದರೂ ದೊಡ್ಡ ವ್ಯತ್ಯಾಸವಿಲ್ಲ. ವಾಪಸು ಬರುವಾಗ ದೇವನಹಳ್ಳಿ ಕಡೆಯ ಸಪಾಟು ರಸ್ತೆಯಲ್ಲಿ 40ರಲ್ಲಿ ಓಡುವ ಗುಂಪಿನಿಂದ ನಾಲ್ಕೈದು ಸೈಕಲ್ ಉದ್ದ ಹಿಂದೆ ಬೀಳಿ. ಆ ಸಣ್ಣ ಸಂದು ಮುಚ್ಚುವುದರೊಳಗೆ ತೊಡೆ ಉರಿಯುತ್ತದೆ.

ಹಾಗಾದರೆ ಮೊದಲ ಗಂಟೆಯಲ್ಲೇ ಹೊರಟುಹೋಗುವ ಐದಾರು ಜನ ದಡ್ಡರೇ? ಅಲ್ಲ. ಹೆಚ್ಚಿನವರು ಸಣ್ಣ ತಂಡಗಳವರು, ಟಿ.ವಿ.ಯಲ್ಲಿ ಜೆರ್ಸಿ ಕಂಡರೆ ಪ್ರಾಯೋಜಕರಿಗೆ ಖುಷಿ. ಇನ್ನು ಕೆಲವರನ್ನು ದೊಡ್ಡ ತಂಡಗಳೇ ಮುಂಚಿತವಾಗಿ ಕಳಿಸಿರುತ್ತವೆ. ನಾಯಕ, ಅಂದರೆ ತಂಡ ಗೆಲ್ಲಿಸಬೇಕೆಂದಿರುವ ಸವಾರ, ಆಮೇಲೆ ಹಿಂದಿನಿಂದ ಬಂದು ಸೇರಿದಾಗ ಮುಂದೆ ಗಾಳಿ ಸೀಳಿ ಎಳೆಯಲು ಒಬ್ಬ ಇರಲಿ ಅಂತ. ಹಿಂದಿನ ಗುಂಪು ಇವರಿಗೆ ಕೆಲವು ನಿಮಿಷಗಳ ಹಗ್ಗ ಬಿಟ್ಟು ಕಾಯುತ್ತದೆ. ಫ್ರೆಂಚ್ ಪತ್ರಕರ್ತ ರಾಬೆರ್ ಶಪಾಟ್ ಹೆಸರಿನಲ್ಲಿ ಒಂದು ಹಳೇ ಲೆಕ್ಕವಿದೆ: ಮನಸ್ಸಿಟ್ಟು ಅಟ್ಟಿದರೆ ಗುಂಪು 10 ಕಿ.ಮೀ.ಗೆ ಒಂದು ನಿಮಿಷ ವಾಪಸು ಪಡೆಯುತ್ತದೆ. ರೂಬೆಯಲ್ಲಿ ಈ ಲೆಕ್ಕ ಆಗಾಗ ತಪ್ಪುತ್ತದೆ. 2016ರಲ್ಲಿ ಮ್ಯಾಥ್ಯೂ ಹೇಮನ್ ಕೈಮೂಳೆ ಮುರಿದುಕೊಂಡು ಆರೇ ವಾರ ಆಗಿತ್ತು. ಮೊದಲೇ ಹೊರಟ ಗುಂಪಿನಲ್ಲಿದ್ದು, ಹಿಂದಿನಿಂದ ಬಂದ ಘಟಾನುಘಟಿಗಳ ಜೊತೆ ಉಳಿದು, ರೇಸ್ ಮುಗಿಯುವ ವೆಲೊಡ್ರೋಮಿನಲ್ಲಿ (ಸೈಕಲ್ ಓಟದ ಕ್ರೀಡಾಂಗಣ) ಈ ರೇಸನ್ನು ನಾಲ್ಕು ಸಲ ಗೆದ್ದಿದ್ದ ಟಾಮ್ ಬೋನೆನ್ ಅವರನ್ನೇ ಹಿಂದಿಕ್ಕಿದರು.

ಈಗ ತಂಡದಲ್ಲಿ ನಾಯಕನನ್ನು ಬಿಟ್ಟು ಉಳಿದ ಆರು ಜನರ ವಿಷಯ. ದೊಡ್ಡ ಒಂದು ದಿನದ ರೇಸುಗಳಲ್ಲಿ 2018ರಿಂದ ತಂಡಕ್ಕೆ ಏಳು ಸವಾರರು. ಒಬ್ಬಿಬ್ಬರು ಮೊದಲ ನೂರೈವತ್ತು ಕಿ.ಮೀ. ಗುಂಪಿನ ಮುಂದೆ ಗಾಳಿ ತಿನ್ನುತ್ತಾರೆ. ಒಬ್ಬ ಟೀಮ್ ಕಾರಿನ ತನಕ ಹಿಂದೆ ಸರಿದು, ಆರೇಳು ಬಾಟಲಿಗಳನ್ನು ಜೆರ್ಸಿಯೊಳಗೆ ತುರುಕಿಕೊಂಡು, ಅಂದರೆ ಮೂರೂವರೆ ಕೆ.ಜಿ. ಹೊತ್ತುಕೊಂಡು, ನೂರೆಪ್ಪತ್ತು ಜನರ ನಡುವೆ ದಾರಿ ಮಾಡಿಕೊಂಡು ಮುಂದೆ ಬರಬೇಕು. ಬಾಟಲಿಯಲ್ಲಿರುವುದು ಬರೀ ನೀರಲ್ಲ. ನಾಯಕ ಗಂಟೆಗೆ 90ರಿಂದ 120 ಗ್ರಾಂ ಕಾರ್ಬೋಹೈಡ್ರೇಟ್ ಒಳಗೆ ಹಾಕುತ್ತಿರುತ್ತಾನೆ. ಗ್ಲೂಕೋಸ್ ಒಂದನ್ನೇ ಕೊಟ್ಟರೆ ಕರುಳು ಗಂಟೆಗೆ 60 ಗ್ರಾಂ ಆಸುಪಾಸಿನಲ್ಲಿ ಕೈಚೆಲ್ಲುತ್ತದೆ, ಆದ್ದರಿಂದ ಫ್ರಕ್ಟೋಸ್ ಬೆರೆಸುತ್ತಾರೆ. ಆರು ಗಂಟೆಗೆ ಬಾಳೆಹಣ್ಣಿನ ಲೆಕ್ಕದಲ್ಲಿ ಇಪ್ಪತ್ತಕ್ಕೂ ಮೇಲೆ. ಜೆಲ್ (ಪೊಟ್ಟಣದಿಂದ ಹಿಂಡಿ ನುಂಗುವ ಸಕ್ಕರೆ ಪಾಕ) ಇಲ್ಲದೆ ಆಗುವ ಕೆಲಸವಲ್ಲ. ಎರಡನೇ ಗಂಟೆಯಲ್ಲಿ ತಪ್ಪಿಸಿದ ಬಾಟಲಿ ಐದನೇ ಗಂಟೆಯಲ್ಲಿ ಕಾಲು ಹಿಡಿಯುತ್ತದೆ.

ನನ್ನ ಪ್ರಕಾರ ಇಷ್ಟೆಲ್ಲದಕ್ಕಿಂತ ದುಬಾರಿ ಕೆಲಸ ಜಾಗ ಹಿಡಿಯುವುದು. ರೂಬೆಯ ಅರೆನ್‌ಬರ್ಗ್ ಕಾಡಿನ ಕಲ್ಲುಹಾದಿ ಎರಡು ಕಿ.ಮೀ.ಗೆ ಸ್ವಲ್ಪ ಜಾಸ್ತಿ, ಮುಗಿತಾಯಕ್ಕೆ ಇನ್ನೂ ಸುಮಾರು 95 ಕಿ.ಮೀ. ಇರುವಾಗ ಬರುತ್ತದೆ. ಹಾದಿ ಕಿರಿದು, ಕಲ್ಲುಗಳ ನಡುವೆ ಅಗಲ ಸಂದು. ಒಳಗೆ ಹೋಗುವಾಗ ಹತ್ತನೆಯವನಾಗಿದ್ದರೆ ನಿಮ್ಮ ದಾರಿ ನಿಮಗೆ. ನಲವತ್ತನೆಯವನಾಗಿದ್ದರೆ ಮುಂದಿನ ಮೂವತ್ತೊಂಬತ್ತು ಜನರಲ್ಲಿ ಯಾರು ಬಿದ್ದರೂ, ಯಾರು ಸುಸ್ತಾದರೂ ಅದರ ದಂಡ ನೀವು ಕಟ್ಟಬೇಕು. ಕಾಲಲ್ಲಿ ಎಷ್ಟೇ ಬಲವಿದ್ದರೂ ದಾಟಿಹೋಗಲು ಜಾಗವೇ ಇಲ್ಲ. ಹಾಗಾಗಿ ಕಾಡಿಗೆ ಹತ್ತು ಕಿ.ಮೀ. ಮೊದಲೇ ಪ್ರತಿ ತಂಡವೂ ನಾಯಕನನ್ನು ಮುಂದಕ್ಕೆ ತಳ್ಳಲು ಹೊರಡುತ್ತದೆ, ಇಪ್ಪತ್ತೈದು ತಂಡಗಳಿಗೂ ಮೊದಲ ಇಪ್ಪತ್ತು ಜಾಗವೇ ಬೇಕು. ಈ ನುಗ್ಗಾಟದ ವೇಗ ತಗ್ಗಿಸಲೆಂದೇ 2024ರಲ್ಲಿ ಕಾಡಿನ ಬಾಯಲ್ಲಿ ಅಡ್ಡತಿರುವು ಇಟ್ಟರು. ರೇಸ್ ನೋಡುವಾಗ ಈ ಹತ್ತು ಕಿ.ಮೀ. ಬಿಡಬೇಡಿ. ನಮ್ಮಲ್ಲಿ ಅದು ಸಂಜೆಯ ಹೊತ್ತು, ಮುಗಿತಾಯ ರಾತ್ರಿ ಎಂಟರ ಮೇಲೆ.

ಪಂಕ್ಚರ್ ಆದರೆ? ಕಲ್ಲಿಗಾಗಿ 30–32 ಮಿ.ಮೀ. ಟ್ಯೂಬ್‌ಲೆಸ್ ಟೈರ್ ಹಾಕಿ ಗಾಳಿ ಕಡಿಮೆ ಇಟ್ಟಿರುತ್ತಾರೆ. ತೀರಾ ಇಳಿಸಿದರೆ ರಿಮ್ಮು ಕಲ್ಲಿಗೆ ಬಡಿಯುತ್ತದೆ, ಏರಿಸಿದರೆ ಸೈಕಲ್ ಕುಣಿದು ಹಿಡಿತ ತಪ್ಪುತ್ತದೆ. ಟೀಮ್ ಕಾರು ಒಂದೆರಡು ನಿಮಿಷ ಹಿಂದೆ ಸಿಕ್ಕಿಹಾಕಿಕೊಂಡಿರುತ್ತದೆ. ಡಿಸ್ಕ್ ಬ್ರೇಕ್ ಬಂದ ಮೇಲೆ ಚಕ್ರ ಬದಲಿಸುವುದಕ್ಕಿಂತ ಸೈಕಲನ್ನೇ ಬದಲಿಸುವುದು ಬೇಗ. ನಾಯಕನಷ್ಟೇ ಎತ್ತರದ ಜೊತೆಗಾರನೊಬ್ಬ ಪಕ್ಕದಲ್ಲಿದ್ದರೆ ಅವನು ಇಳಿದು ತನ್ನ ಸೈಕಲ್ ಕೊಟ್ಟು ರಸ್ತೆ ಬದಿ ನಿಲ್ಲುತ್ತಾನೆ.

"ಮತ್ತೆ ಪೊಗಾಚಾರ್?" ಎಂಬುದು ಮರುಪ್ರಶ್ನೆ. ಸರಿಯಾದ ಪ್ರಶ್ನೆಯೇ. ಸ್ಲೊವೇನಿಯಾದ ಸವಾರ ತಾದೇಯ್ ಪೊಗಾಚಾರ್ 2024ರಲ್ಲಿ ಇಟಲಿಯ ಸ್ತ್ರಾದೆ ಬಿಯಾಂಕೆ ರೇಸಿನಲ್ಲಿ 81 ಕಿ.ಮೀ. ಒಬ್ಬರೇ ಓಡಿ ಗೆದ್ದರು; ಅದೇ ವರ್ಷ ಝ್ಯೂರಿಕ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 100 ಕಿ.ಮೀ. ಉಳಿದಿರುವಾಗಲೇ ಹೊರಟು, ಕೊನೆಯ 51 ಕಿ.ಮೀ. ಒಂಟಿಯಾಗಿ ತುಳಿದರು. ಎರಡೂ ಏರಿಳಿತದ ದಾರಿಗಳು, ಒಂದರಲ್ಲಿ ಜಲ್ಲಿಮಣ್ಣು ಬೇರೆ. ಏರಿನಲ್ಲಿ ವೇಗ ಕಡಿಮೆ, ಹಿಂದೆ ಅಂಟಿಕೊಂಡವನಿಗೆ ಲಾಭವೂ ಕಡಿಮೆ. ಮೇಲಾಗಿ ಅಟ್ಟುವವರಿಗೆ ಆ ಹೊತ್ತಿಗೆ ಎಳೆಯುವ ಜೊತೆಗಾರರು ಉಳಿದಿರಲಿಲ್ಲ. ನೀನು ಎಳಿ, ನಾನ್ಯಾಕೆ ಎಳೀಲಿ ಎನ್ನುವುದರಲ್ಲೇ ಸಮಯ ಕಳೆಯಿತು.

ಇದೇ ಸವಾರ 2025ರಲ್ಲಿ ಇಟಲಿಯದೇ ಇನ್ನೊಂದು ರೇಸು ಮಿಲಾನ್–ಸಾನ್ರೆಮೊದಲ್ಲಿ ಚಿಪ್ರೆಸ್ಸಾ ಏರಿನಲ್ಲೂ ಪೊಜ್ಜೊ ಏರಿನಲ್ಲೂ ಮತ್ತೆ ಮತ್ತೆ ದಾಳಿ ಮಾಡಿದರು. ಚಿಪ್ರೆಸ್ಸಾ 5.6 ಕಿ.ಮೀ., ಸರಾಸರಿ ಏರು ಶೇ. 4ರಷ್ಟು, ಅಂದು ಮುಂಚೂಣಿಯವರು ಅದನ್ನು ಒಂಬತ್ತು ನಿಮಿಷದ ಆಸುಪಾಸಿನಲ್ಲಿ ಹತ್ತಿದರು, ಅಂದರೆ ಗಂಟೆಗೆ 37 ಕಿ.ಮೀ. ಆ ವೇಗದಲ್ಲಿ ಏರಿನಲ್ಲೂ ಗಾಳಿಯ ಪಾಲು ದೊಡ್ಡದೇ. ಮ್ಯಾಥ್ಯೂ ವಾನ್ ಡರ್ ಪೂಲ್ ಅವರ ಹಿಂದಿನ ಚಕ್ರಕ್ಕೆ ಅಂಟಿಕೊಂಡದ್ದನ್ನು ಬಿಡಲಿಲ್ಲ, ಫಿಲಿಪ್ಪೊ ಗನ್ನಾ ಬಿಟ್ಟೂ ಬಿಟ್ಟೂ ಬಂದು ಸೇರಿದರು. ಕೊನೆಯ ಓಟದಲ್ಲಿ ವಾನ್ ಡರ್ ಪೂಲ್ ಮೊದಲು, ಗನ್ನಾ ಎರಡು, ಪೊಗಾಚಾರ್ ಮೂರು.

ಇನ್ನು ಫಲಿತಾಂಶದ ಪಟ್ಟಿಯಲ್ಲಿ ಅಷ್ಟೊಂದು ಹೆಸರುಗಳ ಮುಂದೆ "ಮುಗಿಸಲಿಲ್ಲ" ಎಂದು ಇರುವುದನ್ನು ನೋಡಿ ಗಾಬರಿಯಾಗಬೇಡಿ. ಅವರಲ್ಲಿ ಬಿದ್ದವರಿದ್ದಾರೆ, ಸೈಕಲ್ ಕೆಟ್ಟು ನಿಂತವರಿದ್ದಾರೆ. ಆದರೆ ಬಹಳ ಮಂದಿ ಬೆಳಗಿನಿಂದ ಗಾಳಿ ತಿಂದು, ಬಾಟಲಿ ಹೊತ್ತು, ನಾಯಕನನ್ನು ಕಾಡಿನ ಬಾಯಿಗೆ ತಲುಪಿಸಿದವರು. ನಾಳೆ ಇನ್ನೊಂದು ಹಂತವಿಲ್ಲದ ಮೇಲೆ ಉಳಿದ ದೂರ ತುಳಿಯುವ ಕಾರಣವೂ ಇಲ್ಲ. ಊಟದ ಚೀಲ ಕೊಡುವ ಜಾಗದಲ್ಲಿ ಸೈಕಲ್ ನಿಲ್ಲಿಸಿ, ತಂಡದ ಗಾಡಿ ಹತ್ತಿ, ಉಳಿದ ರೇಸನ್ನು ಮೊಬೈಲಿನಲ್ಲಿ ನೋಡುತ್ತಾರೆ.