ಸೆರಗು ಅಡ್ಡ ಬಂತು

ಬೆಳಿಗ್ಗೆ ಗಾಂಧಿ ಬಜಾರಿನಲ್ಲಿ ಹೂ ಕಟ್ಟುತ್ತಿದ್ದ ಅಜ್ಜಿಯ ಫೋಟೋ ತೆಗೆಯಲು ಹೋದೆ. ನೆನೆಸಿದ ಬಾಳೆನಾರು ಹಲ್ಲಲ್ಲಿ ಕಚ್ಚಿಕೊಂಡೇ ಸೆರಗು ಎಳೆದು ಮುಖ ಮುಚ್ಚಿಕೊಂಡರು. "ಒಂದ್ ಮಾತು ಕೇಳ್ಬಾರ್ದೇನಪ್ಪಾ?"

ಪೆಚ್ಚಾದೆ.

ಮಾಂಟ್ರಿಯಲ್‌ನ ಹುಡುಗಿ ನೆನಪಾದಳು. 17 ವರ್ಷ. ಸುಮ್ನೆ ಮೆಟ್ಟಿಲ ಮೇಲೆ ಕೂತಿದ್ದಳು. ಯಾರೋ ಫೋಟೋ ತೆಗೆದರು, ಪತ್ರಿಕೆಯಲ್ಲಿ ಬಂತು, ಕ್ಲಾಸಿನವರು ನಕ್ಕರು. ಕೇಸು ಕೆನಡಾದ ಸುಪ್ರೀಂ ಕೋರ್ಟಿನವರೆಗೂ ಹೋಗಿ, 1998ರಲ್ಲಿ ಅವಳೇ ಗೆದ್ದಳು. ಪರಿಹಾರ 2000 ಡಾಲರ್. ಫೋಟೋದಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಕೇಳಿರಲಿಲ್ಲ, ಅಷ್ಟೇ.

ನ್ಯೂಯಾರ್ಕಿನಲ್ಲಿ ಉಲ್ಟಾ. ಟೈಮ್ಸ್ ಸ್ಕ್ವೇರ್‌ನಲ್ಲಿ ಗೊತ್ತಾಗದ ಹಾಗೆ ತೆಗೆದ ಹಿರಿಯರೊಬ್ಬರ ಫೋಟೋ ಗ್ಯಾಲರಿಗೆ ಹೋಯಿತು. ಇದು ನನ್ನ ಧರ್ಮಕ್ಕೆ ವಿರುದ್ಧ ಅಂದರು ಪಾಪ. ಇದು ಕಲೆ ಅಂತ 2006ರಲ್ಲಿ ಕೋರ್ಟು ಕೇಸನ್ನೇ ವಜಾ ಮಾಡಿತು. ಕಲೆ ಅಂದುಬಿಟ್ಟರೆ ಮುಗೀತಾ? ನನಗಂತೂ ಮಾಂಟ್ರಿಯಲ್ಲೇ ಸರಿ ಅನಿಸಿತು.

ಅಂದ ಹಾಗೆ ಎರಡು ಮೊಳ ಮಲ್ಲಿಗೆ ತಗೊಂಡ ಮೇಲೆ ಅಜ್ಜಿಯೇ "ಈಗ ತೆಗಿ" ಅಂದರು. ತಲೆಗೂದಲು ಸವರಿಕೊಂಡು, ನೆಟ್ಟಗೆ ಕೂತು. ಚೆನ್ನಾಗಿ ಬಂದಿದೆ.

ಇಲ್ಲಿ ಹಾಕುತ್ತಿಲ್ಲ. ಹಾಕಲಾ ಅಂತ ಕೇಳೋದು ಮರೆತೆ.