"ಮೇಡಂ, ನಮ್ಮ ಹುಡುಗನಿಗೆ ಪಾಸಿಟಿವ್ ಆಗಿರೋಕೆ ಹೇಳಿಕೊಡ್ತೀರಾ?"

ನಾನು ಬೆಂಗಳೂರಿನ ಒಂದು ಪಿಯು ಕಾಲೇಜಿನಲ್ಲಿ ಆಪ್ತಸಮಾಲೋಚಕಿ. ಪೋಷಕರ ಸಭೆ ಮುಗಿದ ಮೇಲೆ ಒಬ್ಬರಾದರೂ ನನ್ನ ಕೋಣೆಗೆ ಬಂದು ಇದನ್ನು ಕೇಳಿಯೇ ಕೇಳುತ್ತಾರೆ. "ಯಾವಾಗ ನೋಡಿದ್ರೂ ಸಪ್ಪಗಿರ್ತಾನೆ. ಒಳ್ಳೇದನ್ನೇ ಯೋಚನೆ ಮಾಡು ಅಂತ ನೀವಾದ್ರೂ ಹೇಳಿ."

ಇಲ್ಲ, ಅದನ್ನು ಹೇಳುವುದಿಲ್ಲ. ಬೆಳಗ್ಗೆ ಆರಕ್ಕೇ ಟ್ಯೂಷನ್‌ಗೆ ಹೊರಟು, ಸಿಇಟಿ, ನೀಟ್ ಎರಡನ್ನೂ ತಲೆ ಮೇಲೆ ಹೊತ್ತವನಿಗೆ "ಖುಷಿಯಾಗಿರಪ್ಪ" ಅಂದರೆ ಇನ್ನೊಂದು ಸಬ್ಜೆಕ್ಟ್ ಕೊಟ್ಟ ಹಾಗೆ. ಅದರಲ್ಲೂ ಫೇಲಾದೆ ಅಂತ ಕೊರಗುತ್ತಾನೆ, ಅಷ್ಟೇ.

ಪಾಸಿಟಿವ್ ಸೈಕಾಲಜಿ ಅನ್ನುವುದೇ ಬೇರೆ. 1998ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘದ ಅಧ್ಯಕ್ಷರಾಗಿದ್ದ ಮಾರ್ಟಿನ್ ಸೆಲಿಗ್ಮನ್ ಕೇಳಿದ್ದು ಇಷ್ಟು: ಮನಸ್ಸಿನ ಕಾಯಿಲೆಗಳನ್ನು ಇಷ್ಟೊಂದು ಓದಿದ್ದೇವೆ, ಮನುಷ್ಯ ಚೆನ್ನಾಗಿ ಬದುಕುವುದು ಹೇಗೆ ಅನ್ನುವುದನ್ನು ಯಾಕೆ ಓದಿಲ್ಲ? (ಈ ಮಹಾಶಯರು ತಾನು ಸಿಡುಕ ಅಂತ ತಾವೇ ಬರೆದುಕೊಂಡಿದ್ದಾರೆ. ನನಗೆ ಅವರ ಮೇಲೆ ನಂಬಿಕೆ ಬಂದಿದ್ದೇ ಅದರಿಂದ.)

ನಾನು ಜಾಸ್ತಿ ಬಳಸುವುದು ಅವರ ತಂಡ 2005ರಲ್ಲಿ ಪರೀಕ್ಷಿಸಿದ ಒಂದು ಚಿಕ್ಕ ಅಭ್ಯಾಸ. ಒಂದು ವಾರ, ದಿನಾ ರಾತ್ರಿ, ಆವತ್ತು ಚೆನ್ನಾಗಿ ನಡೆದ ಮೂರು ಸಂಗತಿ ಬರೆಯಬೇಕು. ಪ್ರತಿಯೊಂದರ ಮುಂದೆ, ಅದು ಯಾಕೆ ಹಾಗಾಯಿತು ಅಂತಲೂ ಬರೆಯಬೇಕು. ಹಾಗೆ ಬರೆದವರಲ್ಲಿ ಆರು ತಿಂಗಳ ನಂತರವೂ ಬೇಜಾರು ಕಡಿಮೆ ಇತ್ತು, ಮುಖ್ಯವಾಗಿ ವಾರ ಮುಗಿದ ಮೇಲೂ ಬಿಡದೆ ಬರೆದವರಲ್ಲಿ. ಅವರೆಲ್ಲ ದೊಡ್ಡವರು, ಇಂಟರ್ನೆಟ್ಟಿನಲ್ಲಿ ತಾವಾಗಿಯೇ ಬಂದವರು ಅನ್ನುವುದು ನೆನಪಿರಲಿ.

ಒಬ್ಬ ಹುಡುಗನ ನೋಟ್‌ಬುಕ್ ಹೇಳುತ್ತೇನೆ, ಗುರುತು ಸಿಗದ ಹಾಗೆ. ಮೊದಲ ರಾತ್ರಿ: "ಊಟ. ನಿದ್ದೆ. ಏನಿಲ್ಲ." ನಾಲ್ಕನೇ ದಿನ: "ಬಸ್ಸಲ್ಲಿ ಸೀಟು ಸಿಕ್ತು. ಯಾಕೆ: ಅದೃಷ್ಟ."

"ಬೆಳಗ್ಗೆ ಆ ಬಸ್ಸಲ್ಲಿ ಕಾಲಿಡೋಕೂ ಜಾಗ ಇರಲ್ವಲ್ಲೋ?"

"ಒಂದು ಸ್ಟಾಪ್ ಹಿಂದಕ್ಕೆ ನಡ್ಕೊಂಡು ಹೋಗಿ ಹತ್ತಿದೆ ಮೇಡಂ."

ಪೆನ್ನು ಕೊಟ್ಟೆ. "ಅದೃಷ್ಟ" ಅನ್ನುವುದನ್ನು ಹೊಡೆದುಹಾಕಿ "ನಡೆದೆ" ಅಂತ ಬರೆದ. ನನಗೆ ಬೇಕಾಗಿದ್ದೇ ಆ "ಯಾಕೆ". ಬರೀ ಮೂರು ಒಳ್ಳೇದು ಅಂತ ಬರೆಸಿದರೆ ಅದು ಕಾಪಿ ರೈಟಿಂಗ್ ಆಗಿಬಿಡುತ್ತದೆ.

ಹಾಗಂತ ಇಡೀ ಕ್ಲಾಸಿಗೆ ಒಟ್ಟಿಗೆ ಬರೆಸಲು ನನಗೆ ಧೈರ್ಯವಿಲ್ಲ. ಬ್ರಿಟನ್ನಿನ ಶಾಲೆಗಳಲ್ಲಿ ಮೈಂಡ್‌ಫುಲ್‌ನೆಸ್, ಅಂದರೆ ಈ ಕ್ಷಣದ ಮೇಲೆ ಗಮನ ಇಡುವ ಅಭ್ಯಾಸದ ಪಾಠದ ಬಗ್ಗೆ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳನ್ನಿಟ್ಟುಕೊಂಡು ಒಂದು ಪ್ರಯೋಗ ನಡೆಯಿತು. ಮಾಮೂಲಿ ಪಾಠಕ್ಕಿಂತ ಹೆಚ್ಚೇನೂ ಲಾಭ ಇಲ್ಲ ಅಂತ 2022ರಲ್ಲಿ ಫಲಿತಾಂಶ ಬಂತು. ಮನೆಯಲ್ಲಿ ಬಹಳ ಮಕ್ಕಳು ಅಭ್ಯಾಸವನ್ನೇ ಮಾಡಿರಲಿಲ್ಲ. ನಮ್ಮವರು ಮಾತ್ರ ಮಾಡ್ತಾರಾ?

ಇನ್ನೊಂದು. ಊಟ, ನಿದ್ದೆ ವಾರಗಟ್ಟಲೆ ಕೆಟ್ಟಿದ್ದರೆ, "ನಾನಿಲ್ಲದಿದ್ರೇ ವಾಸಿ" ಅನ್ನುವ ಮಾತು ಬಂದಿದ್ದರೆ, ನೋಟ್‌ಬುಕ್ ಕೈಗೆ ಕೊಡಬೇಡಿ. ಅದಕ್ಕೆ ಡಾಕ್ಟರೇ ಬೇಕು. ನಿಮ್ಹಾನ್ಸ್ ನಮ್ಮ ಊರಲ್ಲೇ ಇದೆ. ಟೆಲಿ ಮಾನಸ್ ಸಹಾಯವಾಣಿ 14416, ಹಗಲೂ ರಾತ್ರಿ, ಉಚಿತ. ಕನ್ನಡದಲ್ಲೇ ಮಾತಾಡಬಹುದು.

ಉಳಿದವರ ಮನೆಯವರಿಗೆ ಮೊದಲ ದಿನವೇ ಒಂದು ಪ್ರಶ್ನೆ ಹಾಕುತ್ತೇನೆ. ಆ ಬಸ್ಸಿನ ಹುಡುಗನ ಅಪ್ಪನಿಗೂ ಕೇಳಿದ್ದೆ: "ಇವನಲ್ಲಿ ಏನು ಚೆನ್ನಾಗಿದೆ ಸಾರ್?"

"ಮಾರ್ಕ್ಸು ಅಷ್ಟಕ್ಕಷ್ಟೇ ಮೇಡಂ..."

"ಮಾರ್ಕ್ಸ್ ಬಿಡಿ."

ತುಂಬಾ ಹೊತ್ತು ಸುಮ್ನೆ ಕೂತರು. ಆಮೇಲೆ, "ನಮ್ಮಮ್ಮಂಗೆ ದಿನಾ ಸಂಜೆ ಫೋನಲ್ಲಿ ಭಜನೆ ಹಾಕ್ಕೊಡ್ತಾನೆ. ಅವರು ಹತ್ತು ಸಲ ಆಫ್ ಮಾಡಿದ್ರೂ ಒಂದಿನ ರೇಗಿಲ್ಲ. ನಾನಾಗಿದ್ರೆ ಫೋನ್ ಬಿಸಾಕ್ತಿದ್ದೆ."

"ಇದನ್ನ ಅವನಿಗೆ ಯಾವತ್ತಾದ್ರೂ ಹೇಳಿದೀರಾ?"

"ಇದನ್ನೆಲ್ಲಾ ಯಾರು ಹೇಳ್ತಾರೆ ಮೇಡಂ," ಅಂತ ನಕ್ಕರು. ಬಾಗಿಲು ಅರ್ಧ ತೆರೆದಿತ್ತು. ಹುಡುಗ ಹೊರಗಡೆ ಬೆಂಚಿನ ಮೇಲೆ ಬ್ಯಾಗು ತಬ್ಬಿಕೊಂಡು ಕೂತಿದ್ದ.